ಅಕ್ಕನ ಉತ್ತರ ಎಲ್ಲಿಗೆ ಹೋಯಿತು

ಆಕೆ ರಿಪೇರಿಗೆಂದು ಕೊನೆಯ ಗಡಿಯಾರ ಬಿಚ್ಚಿ ಹನ್ನೊಂದು ವರ್ಷವಾಗಿತ್ತು. ಆದರೂ ಬೀದಿಯವರ ಬಾಯಲ್ಲಿ ಇನ್ನೂ ಗಡಿಯಾರದಕ್ಕನೇ. ಅಪ್ಪನಿಂದ ಬಂದದ್ದು ಆರಡಿ ಅಗಲದ ಅಂಗಡಿ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಮತ್ತು ಒಂದು ಅಭ್ಯಾಸ: ವಸ್ತುವನ್ನು ಬಿಚ್ಚುವ ಮೊದಲು ತಂದವರ ಬಾಯಿ ಬಿಚ್ಚಿಸುವುದು. ಕೊನೆಯ ಸಲ ಯಾವಾಗ ಸರಿ ಇತ್ತು, ಆಮೇಲೆ ಯಾರು ಮುಟ್ಟಿದರು, ಬೀಳಿಸಿದ್ದು ನೀವೋ ಮನೆಯವರೋ ಎಂದು ಕೇಳುತ್ತಾ ಹೋದರೆ ಅರ್ಧ ರೋಗ ಅಲ್ಲೇ ತಿಳಿಯುತ್ತಿತ್ತು. ಜನ ಫೋನಿನಲ್ಲೇ ಹೊತ್ತು ನೋಡಲು ಶುರುಮಾಡಿದಾಗ ಆಕೆ ಫೋನು, ಕಂಪ್ಯೂಟರ್ ರಿಪೇರಿ ಕಲಿತಳು. ಈ ವಯಸ್ಸಿನಲ್ಲಿ ಇದೆಲ್ಲ ತಲೆಗೆ ಹತ್ತುತ್ತದಾ ಎಂದು ಗಂಡ ಕೇಳಿದ್ದಕ್ಕೆ, ಹತ್ತದಿದ್ದರೆ ಏಣಿ ಹಾಕುತ್ತೇನೆ ಎಂದಿದ್ದಳಂತೆ.

ಆಕೆಗೊಂದು ನೇಮವೂ ಇತ್ತು. ಯಾರ ಮೆಸೇಜನ್ನೂ ಓದುತ್ತಿರಲಿಲ್ಲ. ಪರದೆಯ ಮೇಲೆ ಮಾತುಕತೆ ತೆರೆದುಕೊಂಡರೆ ಅಂಗೈ ಅಡ್ಡ ಇಡುತ್ತಿದ್ದಳು. ಬೆರಳ ಸಂದಿಯಲ್ಲಿ ಕಂಡದ್ದು ಲೆಕ್ಕಕ್ಕಿಲ್ಲ.

ಒಂದು ಬೆಳಿಗ್ಗೆ ಬೀದಿಯ ಕೊನೆಯಲ್ಲಿದ್ದ ಬಡಗಿ, ಮರದ ಪುಡಿ ಮೆತ್ತಿದ ಚೀಲದಿಂದ ಫೋನನ್ನೂ ಲ್ಯಾಪ್‌ಟಾಪನ್ನೂ ತೆಗೆದು ಮೇಜಿನ ಮೇಲಿಟ್ಟ. ಆಳು ಗಿಡ್ಡ, ದನಿ ದೊಡ್ಡದು. ಮೂವತ್ತು ವರ್ಷ ಗರಗಸದ ಯಂತ್ರದ ಪಕ್ಕ ನಿಂತು ಕಿವಿ ಅರ್ಧ ಹೋಗಿತ್ತು. ಫೋನಿನಲ್ಲಿ ಅತ್ತಲವರು ಅಕ್ಕಿ ಎಂದರೆ ಈತನಿಗೆ ಹಕ್ಕಿ ಎಂದು ಕೇಳುತ್ತಿದ್ದುದರಿಂದ ವ್ಯವಹಾರವೆಲ್ಲ ಮೆಸೇಜಿನಲ್ಲೇ. ಅದೂ ಫೋನಿನಲ್ಲಿ ಆಗದು. ಆತನ ಹೆಬ್ಬೆರಳು ಒಂದು ಅಕ್ಷರ ಒತ್ತಹೋದರೆ ನಾಲ್ಕು ಬೀಳುತ್ತಿದ್ದವು. ಹಾಗಾಗಿ ಲ್ಯಾಪ್‌ಟಾಪಿನಲ್ಲಿ ಮೊಳೆ ಹೊಡೆದ ಹಾಗೆ ಕುಟ್ಟುತ್ತಿದ್ದ.

ಊರಿನ ಆಚೆ ತುದಿಯಲ್ಲಿರುವ ಆತನ ಅಕ್ಕ ಕೆಲಸದಿಂದ ನಿವೃತ್ತಳಾದಾಗ ಈತ ಒಂದು ಕುರ್ಚಿ ಮಾಡಿ ಕಳಿಸಿದ್ದ. ಕುರ್ಚಿ ಹೇಗಿದೆ ಎಂದು ಬರೆದ. ಉತ್ತರವಿಲ್ಲ. ಮತ್ತೆ ಬರೆದ. ಉತ್ತರ ಕೊಡಲು ಏನು ಕಷ್ಟ ಎಂದೂ ಬರೆದ. ಆಮೇಲೆ ಈತನೂ ಮುಖ ಊದಿಸಿಕೊಂಡ. ಹೀಗೆ ಏಳು ತಿಂಗಳು. ನಿನ್ನೆ ಅಕ್ಕನ ಪಕ್ಕದ ಮನೆಯವರು ಕಪಾಟು ಮಾಡಿಸಲು ಬಂದವರು, ತಮ್ಮನೇ ಉತ್ತರ ಕೊಡುವುದಿಲ್ಲವೆಂದು ನಿಮ್ಮಕ್ಕ ನೊಂದುಕೊಂಡಿದ್ದಾರೆ ಎಂದುಬಿಟ್ಟರು.

ಗಡಿಯಾರದಕ್ಕ ಎರಡನ್ನೂ ಆರಿಸಿ ಹಚ್ಚಿದಳು. ಖಾತೆ ನೋಡಿದಳು, ನೆಟ್ ನೋಡಿದಳು. ತನ್ನ ಫೋನಿನಿಂದ ಒಂದು ಮೆಸೇಜು ಕಳಿಸಿದಳು, ಎರಡಕ್ಕೂ ಬಂತು. ರೋಗ ಇಲ್ಲಿಲ್ಲ. ಲ್ಯಾಪ್‌ಟಾಪಿಗಿಂತ ಮುಂಚೆ ಯಾವುದರಲ್ಲಿ ಬರೆಯುತ್ತಿದ್ದಿರಿ ಎಂದು ಕೂಗಿ ಕೇಳಿದಳು. ಒಂದು ಟ್ಯಾಬ್ಲೆಟ್ ಇತ್ತಂತೆ. ಹಲಗೆ ಬಿದ್ದು ಗಾಜು ಸೀಳಿತಂತೆ. ಈಗ ಉಪ್ಪುಕಾಗದದ ಡ್ರಾಯರಿನಲ್ಲಿದೆಯಂತೆ. ಹೋಗಿ ತನ್ನಿ ಎಂದಳು.

ಚಾರ್ಜಿಗೆ ಹಾಕಿ ಹತ್ತು ನಿಮಿಷಕ್ಕೆ ಸೀಳಿದ ಗಾಜಿನ ಹಿಂದೆ ಬೆಳಕು ಬಂತು. ಟಿಂಗ್ ಎಂದಿತು. ಮತ್ತೆ ಟಿಂಗ್. ಆಮೇಲೆ ನಿಲ್ಲಲೇ ಇಲ್ಲ. ನಲವತ್ತೊಂದು ಮೆಸೇಜು.

"ನಿಮಗೆ ಎರಡು ವಿಳಾಸ ಇದೆ ಅಣ್ಣ, ಒಂದು ಫೋನ್ ನಂಬರು, ಇನ್ನೊಂದು ಇಮೇಲು. ಇದರಲ್ಲಿ ಬರೀತಿದ್ದಾಗ ಇಮೇಲ್ ಹೆಸರಲ್ಲಿ ಹೋಗ್ತಿತ್ತು. ನಿಮ್ಮಕ್ಕನ ಫೋನು ಅದನ್ನೇ ಹಿಡ್ಕೊಂಡು ಕೂತಿದೆ. ಅವರು ಬರೆದದ್ದೆಲ್ಲ ಇಲ್ಲಿಗೆ ಬಂದಿದೆ. ಉಳಿದೆರಡಕ್ಕೆ ನಂಬರಿಗೆ ಬಂದದ್ದು ಮಾತ್ರ ಕಾಣೋದು."

ಇದನ್ನು ಬಡಗಿಗೆ ಕೇಳುವ ಹಾಗೆ ಹೇಳುವಷ್ಟರಲ್ಲಿ ಎದುರು ಸಾಲಿನ ಅಂಗಡಿಗಳಿಗೂ ಪಾಠವಾಗಿತ್ತು. ಫೋನು, ಲ್ಯಾಪ್‌ಟಾಪಿನ ಸೆಟ್ಟಿಂಗಿನಲ್ಲಿ ಇಮೇಲಿನ ಮುಂದೆಯೂ ಗುರುತು ಹಾಕಿದಳು. ಕೆಲಸ ಅಷ್ಟೇ. ಆದರೆ ಬಡಗಿ ಕನ್ನಡಕ ಮರೆತು ಬಂದಿದ್ದ. ನೀವೇ ಓದಿ ಎಂದ. ಹನ್ನೊಂದು ವರ್ಷದ ನೇಮ ಮುರಿದದ್ದಲ್ಲದೆ, ಆತನ ಕಿವಿಯ ದೆಸೆಯಿಂದ ಬೀದಿಗೆಲ್ಲ ಕೇಳುವಂತೆ ಮುರಿಯಬೇಕಾಯಿತು.

"ಕುರ್ಚಿ ಚೆನ್ನಾಗಿದೆ ಕಣೋ. ಕೂತ್ರೆ ಏಳೋಕೆ ಮನಸ್ಸೇ ಬರಲ್ಲ." ಅದು ಮೊದಲನೆಯದು. ಮಾರನೆಯ ದಿನದ್ದು: "ಒಂದು ಕಾಲು ಗಿಡ್ಡ ಅನ್ಸುತ್ತೆ, ಸ್ವಲ್ಪ ಕುಣಿಯುತ್ತೆ." ವಾರದ ಮೇಲಿನದು: "ಬೇಜಾರಾಯ್ತಾ? ಗಿಡ್ಡ ಅಂದದ್ದು ಕುರ್ಚಿ ಕಾಲಿಗೆ, ನಿನಗಲ್ಲ." ಎದುರಿನ ಹೂವಿನಂಗಡಿಯಲ್ಲಿ ಯಾರೋ ಕಿಸಕ್ಕೆಂದರು. ಕೊಡುತ್ತಲೇ ಇದ್ದೇನಲ್ಲೋ ಉತ್ತರ ಎಂದು ಆರೇಳು ಕಡೆ ಇತ್ತು. ಕೊನೆಯದು ನಾಲ್ಕು ತಿಂಗಳ ಹಿಂದಿನದು: "ಆಯ್ತಪ್ಪ, ಇನ್ನು ಬರೆಯಲ್ಲ. ಕಾಲಿನ ಕೆಳಗೆ ರಟ್ಟು ಇಟ್ಕೊಂಡಿದ್ದೀನಿ. ಚೆನ್ನಾಗಿರು."

ಬಡಗಿ, ತನ್ನ ಮಟ್ಟಿಗೆ ಮೆಲ್ಲಗೆ ಎನ್ನಬಹುದಾದ ದನಿಯಲ್ಲಿ, "ಮೊದಲನೇದು ಇನ್ನೊಂದ್ಸಲ ಓದಿ" ಎಂದ.

ಅಕ್ಕನ ಫೋನನ್ನೂ ಸರಿಮಾಡಬೇಕಿತ್ತು, ತಾನೊಬ್ಬನೇ ಹೇಳಿದರೆ ಆಕೆ ನಂಬುವುದಿಲ್ಲವೆಂಬ ಅಳುಕೂ ಆತನಿಗಿತ್ತು. ಗಡಿಯಾರದಕ್ಕ ಅಂಗಡಿಯ ಬಾಗಿಲೆಳೆದು ಜೊತೆಗೆ ಹೊರಟಳು. ಎರಡು ಬಸ್ಸು ಬದಲಿಸಿ ಹೋದರೆ ಅಕ್ಕ ಬಾಗಿಲು ತೆಗೆದು ತಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆತ ಕ್ಷಮೆ ಕೇಳುವ ಬದಲು ನೆಟ್ಟಗೆ ಕುರ್ಚಿಯ ಹತ್ತಿರ ಹೋಗಿ ರಟ್ಟು ಕಿತ್ತೆಸೆದು, ಮಂಡಿಯೂರಿ, ನಾಲ್ಕೂ ಕಾಲು ಅಳೆದ. ಕೂದಲೆಳೆಯ ವ್ಯತ್ಯಾಸವಿರಲಿಲ್ಲ.

"ಕಾಲು ಸರಿ ಇದೆ ಅಕ್ಕ. ನೆಲ ಡೊಂಕು."

"ಕುಣಿಯಲಾರದವರು ಹೇಳೋ ಮಾತು ಅದು," ಎಂದಳು ಅಕ್ಕ.

ಏಳು ತಿಂಗಳ ಜಗಳ ಮುಗಿಯುವ ಮುನ್ನವೇ ಹೊಸದು ಹುಟ್ಟುವುದನ್ನು ಕಂಡು ಗಡಿಯಾರದಕ್ಕ, ಬಡಗಿಯ ಚೀಲದಿಂದ ರಸಮಟ್ಟ ತೆಗೆದು ರಟ್ಟು ಇದ್ದ ಕಡೆ ನೆಲದ ಮೇಲಿಟ್ಟಳು. ಕೊಳವೆಯೊಳಗಿನ ಗುಳ್ಳೆ ನಡುವೆ ನಿಲ್ಲದೆ ಸರಸರನೆ ಮೂಲೆಗೆ ಓಡಿತು. ಗಾದೆ ಹುಟ್ಟಿದಾಗಿನಿಂದ ಮೊದಲ ಸಲ ನೆಲವೇ ತಪ್ಪಿತಸ್ಥ. ಇಪ್ಪತ್ತೆರಡು ವರ್ಷದಿಂದ ಅದರ ಮೇಲೇ ಓಡಾಡುತ್ತಿದ್ದ ಅಕ್ಕ ಬಗ್ಗಿ ಗುಳ್ಳೆಯನ್ನು ನೋಡಿದಳು, ತಮ್ಮನನ್ನು ನೋಡಿದಳು, ಹೊಟ್ಟೆ ಹಿಡಿದು ನಕ್ಕಳು. ಕುರ್ಚಿಯನ್ನು ಕಿಟಕಿಯ ಕಡೆಗೆ ಎರಡು ಗೇಣು ಸರಿಸಿದರು. ಅಲುಗಾಡಲಿಲ್ಲ. ಉತ್ತರಗಳೆಲ್ಲ ಎಲ್ಲಿಗೆ ಹೋಗುತ್ತಿದ್ದವೆಂದು ಹೇಳಿ ಗಡಿಯಾರದಕ್ಕ ಅಕ್ಕನ ಫೋನನ್ನೂ ಸರಿಮಾಡಿದಳು. ಅಕ್ಕ ಅದರಲ್ಲಿ ಕೂತು, ಊಟ ಆಯ್ತೇನೋ ಎಂದು ತಮ್ಮನನ್ನು ಕೇಳಿದಳು. ಆತನಿಗೆ ಅದು ಒಂದೇ ಸಲಕ್ಕೆ ಕೇಳಿಸಿತು.

ಹದಿನೈದು ದಿನದ ಮೇಲೆ ಬಡಗಿ ಮತ್ತೆ ಅಂಗಡಿಗೆ ಬಂದ. ಅಕ್ಕ ದಿನಕ್ಕೆ ಮೂವತ್ತು ಮೆಸೇಜು ಹಾಕುತ್ತಾಳೆ, ಇದಕ್ಕೇನು ಔಷಧ ಎಂದು ಕೇಳಿದ. ಸದ್ದು ಅಡಗಿಸುವುದು ಹೇಗೆಂದು ಗಡಿಯಾರದಕ್ಕ ತೋರಿಸಿಕೊಟ್ಟಳು. ಆತ ತಲೆದೂಗುತ್ತಾ ಎಲ್ಲವನ್ನೂ ನೋಡಿಕೊಂಡು, ಏನನ್ನೂ ಒತ್ತದೆ ಲ್ಯಾಪ್‌ಟಾಪು ಮಡಚಿಕೊಂಡು ಹೋದ.