ಹೆಸರಿನ ತುದಿಯ ಖಾಲಿ ಜಾಗ

ಕಳಸದ ಎಸ್ಟೇಟ್ ಆಫೀಸಿನ ಸುಕನ್ಯಾ, ತನ್ನ ಜಾವಾಸ್ಕ್ರಿಪ್ಟ್ ಪ್ರೋಗ್ರಾಮ್‌ಗೆ ಯಾವ ಹೆಸರು ಬಂದರೂ ಅದರ ಹಿಂದುಮುಂದಿನ ಖಾಲಿ ಜಾಗವನ್ನು ರೆಗ್ಯುಲರ್ ಎಕ್ಸ್‌ಪ್ರೆಶನ್ ಎಂಬ ಹುಡುಕುವ ಸೂತ್ರದಿಂದ, ಮಗುವಿನ ಉಗುರು ತೆಗೆಯುವಷ್ಟು ಜೋಪಾನವಾಗಿ ಕತ್ತರಿಸುತ್ತಾಳೆ, ನಡುವಿನದ್ದನ್ನು ಮುಟ್ಟುವುದಿಲ್ಲ. "ಅಕ್ಕೀಲಿ ಕಲ್ಲು ಆರಿಸೋರನ್ನ ಕಂಡಿದೀನಿ, ಗಾಳಿ ಆರಿಸೋಳನ್ನ ಈಗಲೇ ಕಂಡಿದ್ದು ಮಾರಾಯ್ತಿ!" ಎಂದು ಹೊಸ ಮೇಸ್ತ್ರಿ ಅನಿಲ್ ನಗುತ್ತಾನೆ. "ಒಂದು ಸ್ಪೇಸ್ ಹೆಚ್ಚಾದ್ರೆ ಕಂಪ್ಯೂಟರ್‌ಗೆ ಅದು ಬೇರೆಯೇ ಮನುಷ್ಯ" ಎನ್ನುತ್ತಾಳೆ ಅವಳು. ತೋಟದ ಲೆಕ್ಕ ಬರೆಯುವ ರೈಟರ್ ಶಶಿಧರ್ ನಗುವುದಿಲ್ಲ. ಗುಡ್ಡ ಜರಿದ ವರ್ಷ, ಆಸ್ಪತ್ರೆ ಸೇರಿದವರ ಪಟ್ಟಿಯಲ್ಲಿ ಕೆಲವು ಹೆಸರುಗಳ ಕೊನೆಗೆ ಅಭ್ಯಾಸಬಲದಿಂದ ಸ್ಪೇಸ್ ಒತ್ತಿದ್ದು ಅವರೇ. ಆಗಿನ್ನೂ ಅದನ್ನು ಕತ್ತರಿಸದಿದ್ದ ಸುಕನ್ಯಾಳ ಪ್ರೋಗ್ರಾಮ್‌ಗೆ ತೋಟದ ಆಳು ಹೂವಯ್ಯನ ಹೆಸರು ಸಿಗಲಿಲ್ಲ. "ನಿಮ್ಮ ಯಜಮಾನ್ರು ಪಟ್ಟೀಲಿಲ್ಲ ಜವರಮ್ಮ" ಎಂದು ಎರಡು ದಿನ ಅವನ ಹೆಂಡತಿಯನ್ನು ವಾಪಸು ಕಳಿಸಿದಳು. ಮೂರನೆಯ ದಿನ ಹೆಸರು ಸಿಕ್ಕಾಗ, ಹೆಂಡತಿ ಬಂದಳೇ ಎಂದು ನರ್ಸನ್ನು ಕೇಳಿ ಕೇಳಿ, ಹೂವಯ್ಯ ಹಿಂದಿನ ಸಂಜೆಯೇ ತೀರಿಕೊಂಡಿದ್ದ.