ಕಾಗದದ ಲೋಟ

ಮೇಷ್ಟ್ರುಗಳಿಗೆ ಒಂದು ಕಾಯಿಲೆಯಿದೆ. ಪಾಠ ಚೆನ್ನಾಗಿ ಆದ ದಿನ ನಾವೂ ಒಳ್ಳೆಯವರಾಗಿಬಿಟ್ಟೆವು ಎಂದುಕೊಳ್ಳುತ್ತೇವೆ. ನನಗಂತೂ ಇದು ಇಪ್ಪತ್ತು ವರ್ಷದಿಂದ ಇದೆ, ಮದ್ದು ಸಿಕ್ಕಿಲ್ಲ.

ಕಳೆದ ಮಾಗಿಯಲ್ಲಿ, ಹಳ್ಳಿಮೈಸೂರಿನ ಹತ್ತಿರದ ನಮ್ಮ ಶಾಲೆಯಲ್ಲಿ, ಐದನೇ ತರಗತಿಗೆ ಸಂವಿಧಾನ ಬರೆದ ಮಹನೀಯರ ಪಾಠ ಮಾಡಿದೆ. ಎಳೆಯ ವಯಸ್ಸಿನಲ್ಲಿ ಅವರು ಶಾಲೆಯ ನೀರಿನ ಮಡಕೆ ಮುಟ್ಟುವ ಹಾಗಿರಲಿಲ್ಲ, ಬೇರೆಯವರು ಎತ್ತಿ ಹುಯ್ದರೆ ಮಾತ್ರ ಕುಡಿಯಬೇಕಿತ್ತು ಎನ್ನುವಾಗ ನನ್ನ ದನಿ ತಾನಾಗಿ ನಡುಗಿತು. ಪ್ರತಿ ವರ್ಷವೂ ಅಲ್ಲೇ ನಡುಗುತ್ತದೆ. ಮಕ್ಕಳು ಬರೆಯುವುದು ಬಿಟ್ಟು ನನ್ನನ್ನೇ ನೋಡಿದರು. ಆ ಹುರುಪಿನಲ್ಲಿ, ಭಾನುವಾರ ಒಂದಾದರೂ ದಯೆಯ ಕೆಲಸ ಮಾಡಿ, ಸೋಮವಾರ ಎದ್ದು ನಿಂತು ಹೇಳಬೇಕು ಎಂದೆ.

ಭಾನುವಾರ ಬೆಳಿಗ್ಗೆ ಹೊಳೆನರಸೀಪುರದ ನಮ್ಮ ಮನೆಗೆ ಅದೇ ತರಗತಿಯ ಸೌಮ್ಯ ತನ್ನ ಅವ್ವನ ಜೊತೆ ಬಂದಳು. ಕೇರಿಯ ಹುಡುಗಿ. ವಸತಿ ಶಾಲೆಯ ಅರ್ಜಿಗೆ ನನ್ನ ರುಜು ಬೇಕಿತ್ತು.

"ಒಸಿ ಸೈನ್ ಆಕ್ಕೊಡಿ ಸಾ, ನಾಳೀಕೆ ಕೊನೆ ದಿನವಂತೆ," ಎಂದು ಅವಳವ್ವ ಒಂದು ಚೀಲ ಅವರೆಕಾಯಿ ಮುಂದಿಟ್ಟರು. ಅವರೆಕಾಯಿ ಸೀದಾ ಅಡಿಗೆಮನೆಗೆ ಹೋಯಿತು. ಅವರಿಬ್ಬರು ಜಗುಲಿಯಲ್ಲೇ ಕೂತರು. ನನ್ನ ಹೆಂಡತಿ ಕಾಫಿ ತಂದಳು. ನನಗೆ ಸ್ಟೀಲ್ ಲೋಟ, ಅವರಿಗೆ ಕಾಗದದ್ದು.

ತಪ್ಪನ್ನು ಹೆಂಡತಿಯ ತಲೆಗೆ ಕಟ್ಟುವುದು ಸುಲಭ. ಆದರೆ ಆ ಲೋಟಗಳ ಪೊಟ್ಟಣ ತಂದವನು ನಾನೇ. ನಮ್ಮಜ್ಜನ ಕಾಲದಲ್ಲಿ ಕೇರಿಯವರಿಗೆ ಅಂತ ಕೊಟ್ಟಿಗೆಯ ಗೂಡಿನಲ್ಲಿ ತೆಂಗಿನ ಚಿಪ್ಪು ಇರುತ್ತಿತ್ತು. ಅಪ್ಪನ ಕಾಲಕ್ಕೆ ಅಲ್ಯೂಮಿನಿಯಂ ಲೋಟ ಬಂತು. ನಾವು ಓದಿದವರು, ಕಾಗದಕ್ಕೆ ಬಂದಿದ್ದೇವೆ. ತೊಳೆಯುವ ಕೆಲಸ ತಪ್ಪುತ್ತದೆ ಎನ್ನುವುದು ನಮ್ಮ ಸಮಜಾಯಿಷಿ. ನೆಂಟರು ಬಂದಾಗ ಆ ಕೆಲಸ ಏಕೆ ತಪ್ಪಬಾರದು ಎಂದು ಮನೆಯಲ್ಲಿ ಯಾರೂ ಕೇಳಿಲ್ಲ, ನಾನೂ ಕೇಳಿಲ್ಲ.

ಸೌಮ್ಯ ನನ್ನ ಲೋಟ ನೋಡಿದಳು, ತನ್ನದನ್ನು ನೋಡಿದಳು. ನಾನು ಅರ್ಜಿಯಲ್ಲಿ ತಲೆ ಹುದುಗಿಸಿದೆ. ಒಳಗಿನಿಂದ ಎರಡು ಲೋಟ ತರಲು ಹತ್ತು ಹೆಜ್ಜೆ ಸಾಕಿತ್ತು. ಏಳಲಿಲ್ಲ. ಅವಳವ್ವ ಖಾಲಿ ಲೋಟಗಳನ್ನು ಮುದುರಿ ತಮ್ಮ ಕೈಚೀಲಕ್ಕೇ ಹಾಕಿಕೊಂಡು, "ಬತ್ತೀವಿ ಸಾ," ಎಂದು ಹೊರಟರು.

ಆ ಹೊತ್ತಿನಿಂದ ನನಗೆ ಒಂದೇ ಭಯ: ನಾಳೆ ತರಗತಿಯಲ್ಲಿ ಆ ಹುಡುಗಿ ಏನು ಹೇಳಿಬಿಡುತ್ತಾಳೋ! ಮಧ್ಯಾಹ್ನದ ಅವರೆಕಾಳು ಸಾರನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ. ನಾಚಿಕೆಗಿಂತ ಮೊದಲು ಭಯ ಬಂತಲ್ಲ, ಅದು ಇನ್ನೂ ದೊಡ್ಡ ನಾಚಿಕೆ.

ಸೋಮವಾರ ಒಬ್ಬ ಹುಡುಗ, ಹಕ್ಕಿಗೆ ನೀರಿಟ್ಟೆ ಎಂದ. ಒಬ್ಬಳು ಅಜ್ಜಿಯ ಕಾಲೊತ್ತಿದ್ದಳು. ಆಮೇಲೆ ಸೌಮ್ಯ ಎದ್ದಳು.

"ಒಬ್ರು ಮನೇಲಿ ನಂಗೂ ನಮ್ಮವ್ವಂಗೂ ಬ್ಯಾರೆ ಲೋಟ ಕೊಟ್ರು ಸಾ. ಯಾರು ಅಂತ ನಾನ್ ಯಾರ್ಗೂ ಯೋಳಿಲ್ಲ. ಪಾಪ, ಅವ್ರಿಗೆ ನಾಚ್ಕೆ ಆಯ್ತದೆ."

ಮಕ್ಕಳು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ತಟ್ಟದೆ ಇದ್ದರೆ, ಯಾರೆಂದು ಗೊತ್ತಾಗಿಬಿಡುತ್ತಿತ್ತು.