ಹುಳು ಮನೆಯ ಹೊರಗಿನ ಚಪ್ಪಲಿಗಳು

ಕೈಗೆ ಮೈದಾ ಅಂಟಿದರೆ ನನಗೆ ಈಗಲೂ ಆ ಸದ್ದು ಕೇಳುತ್ತದೆ, ಮನೆಯಲ್ಲಿ ಪೂರಿಗೆ ಹಿಟ್ಟು ಕಲಸುವಾಗಲೂ. ಮುಚ್ಚಿದ ಬಾಗಿಲಿನ ಒಳಗಿನಿಂದ ಯಾರೋ ಅಂಗೈಯಲ್ಲಿ ಬಡಿದ ಸದ್ದು. ಎರಡು ಸಲ, ನಡುವೆ ಸ್ವಲ್ಪ ಬಿಟ್ಟು.

ನಾನು ಕೆಲಸ ಮಾಡುವುದು ವಿಶ್ವವಿದ್ಯಾಲಯಕ್ಕೆ ಸೇರಿದ ಒಂದು ಸಣ್ಣ ರೇಷ್ಮೆ ಘಟಕದಲ್ಲಿ, ಮಂಚೇನಹಳ್ಳಿಯಿಂದ ಸ್ವಲ್ಪ ಆಚೆ. ಹುದ್ದೆಯ ಹೆಸರು ತಾಂತ್ರಿಕ ಸಹಾಯಕಿ. ಅಲ್ಲಿ ನಾವು ನಾಲ್ಕೇ ಜನ. ಘಟಕದ ಮುಖ್ಯಸ್ಥರನ್ನು ಎಲ್ಲರೂ ಮೇಷ್ಟ್ರು ಅನ್ನುತ್ತೇವೆ. ಔಷಧಿ ಹೊಡೆಯುವುದು, ಮೋಟರು ನೋಡಿಕೊಳ್ಳುವುದು ಹಳೆಯ ಕಾಯಂ ನೌಕರರೊಬ್ಬರ ಕೆಲಸ. ಅವರನ್ನು ಭಾಯ್ ಅನ್ನುತ್ತೇವೆ. ಹಿಪ್ಪುನೇರಳೆ ಸೊಪ್ಪು ಕೊಯ್ದು ಹುಳುವಿಗೆ ಹಾಕಿ, ಹುಳು ಸಾಕುವ ತಟ್ಟೆ ತೊಳೆದು, ಉಳಿದ ಎಲ್ಲವನ್ನೂ ಮಾಡುವವರು ದಿನಗೂಲಿಯ ಅಕ್ಕ. ಅವರು ಸಾದಲಿ ಕಡೆಯವರು, ಹುಳುಗಳ ನಡುವೆಯೇ ಬೆಳೆದವರು. ಹುಳು ಮನೆಗೆ ಕಾಲಿಟ್ಟ ಕೂಡಲೇ ವಾಸನೆಯಲ್ಲೇ ಯಾವ ತಟ್ಟೆಗೆ ರೋಗ ಬಂದಿದೆ ಎಂದು ಹೇಳಿಬಿಡುತ್ತಾರೆ. ನಾನು ಸೂಕ್ಷ್ಮದರ್ಶಕದಲ್ಲಿ ನೋಡಿ ಅದನ್ನೇ ಮಧ್ಯಾಹ್ನ ಹೇಳುತ್ತೇನೆ.

ಹುಳು ಮನೆಗೆ ಯಾರೂ ಚಪ್ಪಲಿ ಹಾಕಿಕೊಂಡು ಹೋಗುವಂತಿಲ್ಲ. ಬಾಗಿಲ ಹೊರಗೆ ಬಿಟ್ಟು, ಸುಣ್ಣದ ಪುಡಿ ಹಾಕಿದ ತಟ್ಟೆಯಲ್ಲಿ ಕಾಲಿಟ್ಟೇ ಒಳಗೆ ಹೋಗಬೇಕು. ಆದ್ದರಿಂದ ಒಳಗೆ ಯಾರಿದ್ದಾರೆ ಎಂದು ನಾವು ಎಂದೂ ಕೂಗಿ ಕೇಳಿದವರಲ್ಲ, ಹೊರಗಿನ ಚಪ್ಪಲಿ ನೋಡುತ್ತಿದ್ದೆವು. ಭಾಯ್‌ದು ಟೈರಿನ ಚಪ್ಪಲಿ, ಮೇಷ್ಟ್ರದ್ದು ಕಪ್ಪು ಬೂಟು, ಅಕ್ಕನದು ನೀಲಿ ಪಟ್ಟಿಯ ಹವಾಯಿ. ಹಾಜರಿ ಪುಸ್ತಕಕ್ಕಿಂತ ಅದನ್ನೇ ಹೆಚ್ಚು ನಂಬುತ್ತಿದ್ದೆವು.

ಆ ವಾರ ಒಂದು ನಾಯಿ ಅಕ್ಕನ ಒಂದು ಚಪ್ಪಲಿ ಕಚ್ಚಿಕೊಂಡು ಹೋಗಿತ್ತು. ಎದುರಿಗೇ ಮೇಷ್ಟ್ರ ಬೂಟು ಇದ್ದರೂ ಅದನ್ನು ಮುಟ್ಟಿರಲಿಲ್ಲ. ನಾಯಿಗೂ ಕೂಲಿಯವಳೇ ಸಸಾರ ಎಂದು ಅಕ್ಕ ಒಂದಿಡೀ ದಿನ ಗೊಣಗಿದರು. ಅದಕ್ಕೆ ಭಾಯ್, ನಾಯಿಗೆ ವಾಸನೆ ಹಿಡಿಸಿದೆ, ಇನ್ನೊಂದಕ್ಕೂ ಬರುತ್ತದೆ ನೋಡುತ್ತಿರು ಎಂದು ಕಿಚಾಯಿಸಿದರು. ಅಕ್ಕ ಹೊಸ ಜೋಡಿ ತಂದಾಗ ನಾನೇ ಹೇಳಿದೆ: ಒಂದು ಕವರಿಗೆ ಹಾಕಿ ಸೊಪ್ಪಿನ ಕೋಣೆಯ ಮೊಳೆಗೆ ನೇತುಹಾಕಿ. ಸೊಪ್ಪಿನ ಕೋಣೆ ಎಂದರೆ ಹುಳು ಮನೆಯ ಹಿಂಭಾಗದಲ್ಲಿರುವ, ಕೊಯ್ದ ಸೊಪ್ಪನ್ನು ಬಾಡದಂತೆ ಇಡುವ ಕತ್ತಲೆಯ ಸಣ್ಣ ಕೋಣೆ. ಅದಕ್ಕೆ ಬೇರೆ ಬಾಗಿಲಿಲ್ಲ, ಹುಳು ಮನೆಯೊಳಗಿಂದಲೇ ಹೋಗಿ ಬರಬೇಕು.

ಒಂದು ಬೆಳೆ ಮುಗಿದು ಮುಂದಿನ ಹುಳು ತರುವ ಮೊದಲು ಇಡೀ ಮನೆಯನ್ನು ಶುದ್ಧಿ ಮಾಡುತ್ತೇವೆ. ಮೊದಲು ಬ್ಲೀಚಿಂಗ್ ಪುಡಿ ಹಾಕಿ ತೊಳೆಯುವುದು, ಆಮೇಲೆ ಫಾರ್ಮಲಿನ್ ಎಂಬ ಉಸಿರುಗಟ್ಟಿಸುವ ಔಷಧಿ ಸಿಂಪಡಿಸುವುದು. ಅದರ ಆವಿ ಹೊರಗೆ ಹೋಗದಂತೆ ಬಾಗಿಲು ಮುಚ್ಚಿ ಬೀಗ ಹಾಕಿ, ಸಂದುಗಳಿಗೆಲ್ಲ ಮೈದಾ ಅಂಟಿನಲ್ಲಿ ಹಳೆಯ ಪೇಪರ್ ಅಂಟಿಸಿ ಒಂದು ದಿನ ಬಿಡಬೇಕು. ಹಿಂದೊಮ್ಮೆ ಯಾರೋ ನಡುವೆ ಬಾಗಿಲು ತೆರೆದು, ಶುದ್ಧಿ ಸರಿಯಾಗದೆ ಆ ಬೆಳೆಯ ಹುಳುವೆಲ್ಲ ಸತ್ತಿತ್ತಂತೆ. ಅಂದಿನಿಂದ ಬೀಗ ಹಾಕಿದ ಕೂಡಲೇ ಕೀಲಿಕೈ ಮೇಷ್ಟ್ರ ಕೈಗೆ ಹೋಗಬೇಕೆಂದು ನಿಯಮ.

ಅವತ್ತು ಬೆಳಗ್ಗೆಯಿಂದ ಅಕ್ಕ ಬ್ಲೀಚಿಂಗ್ ನೀರಲ್ಲಿ ತಟ್ಟೆ ಉಜ್ಜುತ್ತಿದ್ದರು, ಮೂಗಿಗೆ ಸೆರಗು ಕಟ್ಟಿಕೊಂಡು. ಘಟಕದಲ್ಲಿ ಇದ್ದದ್ದು ಒಂದೇ ಮಾಸ್ಕ್, ಅದು ಔಷಧಿ ಹೊಡೆಯುವವರಿಗೆ. ತಲೆ ತಿರುಗುತ್ತಿದೆ ಎಂದು ಊಟದ ಹೊತ್ತಿಗೆ ಅವರು ಅಂದದ್ದು ನನಗೆ ನೆನಪಿದೆ. ಗೋಣಿಚೀಲದ ಮೇಲೆ ಐದು ನಿಮಿಷ ಒರಗೋಣವೆಂದು ಅವರು ಸೊಪ್ಪಿನ ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡದ್ದು ಮಾತ್ರ ನಮಗೆ ಯಾರಿಗೂ ಗೊತ್ತಾಗಲಿಲ್ಲ. ಆ ಕೋಣೆ ಇನ್ನೂ ಒದ್ದೆಯಿದ್ದುದರಿಂದ ಅದಕ್ಕೆ ಮಾರನೇ ದಿನ ಹೊಡೆಯುವುದೆಂದು ತೀರ್ಮಾನವಾಗಿತ್ತು. ಭಾಯ್ ಮಾಸ್ಕ್ ಹಾಕಿಕೊಂಡು, ಔಷಧಿ ಹೊಡೆಯುವ ಮೋಟರಿನ ಸದ್ದಿನಲ್ಲಿ, ಹುಳು ಮನೆಯ ಹಿಂದಿನ ಗೋಡೆಯಿಂದ ಹಿಂದೆ ಹಿಂದೆ ಸರಿಯುತ್ತ ಸಿಂಪಡಿಸಿ ಹೊರಗೆ ಬಂದರು. ಬಾಗಿಲಲ್ಲಿ ನನ್ನ ಚಪ್ಪಲಿ, ಅವರ ಚಪ್ಪಲಿ. ಎರಡೇ ಜೋಡಿ. ಅಕ್ಕ ಊಟಕ್ಕೆ ಹೋಗಿರಬೇಕು ಎಂದುಕೊಂಡೆ. ಬೀಗ ಹಾಕಿದೆ. ಅಷ್ಟರಲ್ಲಿ ಮೇಷ್ಟ್ರು ಬಂದು ಕೀಲಿಕೈ ತೆಗೆದುಕೊಂಡು, ಬೈಕಿನಲ್ಲಿ ಊಟಕ್ಕೆ ಹೋದರು.

ನಾನು ಪೇಪರ್ ಅಂಟಿಸುತ್ತಾ ಇದ್ದೆ. ಆಗ ಆ ಸದ್ದು ಕೇಳಿತು. ಆಗಷ್ಟೇ ಅಂಟಿಸಿದ್ದ ಹಸಿ ಪೇಪರ್ ನನ್ನ ಬೆರಳ ಕೆಳಗೇ ಅದುರಿತು. ಆಮೇಲೆ ಕೆಮ್ಮು. ಆಮೇಲೆ ತೆಲುಗಿನಲ್ಲಿ ಒಂದೇ ಮಾತು, "ಅಮ್ಮಾ, ತಲುಪು ತೀ."

ಬಾಗಿಲು ತೆಗೆ ಎಂದು ನನಗೆ ಅರ್ಥವಾಯಿತು. ಆದರೆ ಕೈ ಬೀಗದ ಮೇಲೆ ಹೋಗಿ ಅಲ್ಲೇ ನಿಂತಿತು. ಕೀಲಿಕೈ ಇರಲಿಲ್ಲ. ಇದನ್ನು ಎಷ್ಟು ಸಲ ಮನಸ್ಸಿನಲ್ಲಿ ಹಿಂದಕ್ಕೆ ತಿರುಗಿಸಿ ನೋಡಿದ್ದೇನೋ. ಪ್ರತಿ ಸಲವೂ ನಾನು ಬೀಗ ಹಿಡಿದುಕೊಂಡು ನಿಂತಿರುತ್ತೇನೆ. ಕದಲಿದವರು ಭಾಯ್. ಅವರು ಕಿಟಕಿಯ ಗಾಜನ್ನು ಕಲ್ಲಿನಿಂದ ಒಡೆದರು. ಅದರ ಹಿಂದೆ ಹುಳುವಿನ ಮೇಲೆ ಮೊಟ್ಟೆಯಿಟ್ಟು ಕೊಲ್ಲುವ ಊಜಿ ನೊಣ ಬಾರದಂತೆ ಬಿಗಿದ ಬಲೆ ಇತ್ತು. ಸೊಪ್ಪು ಕೊಯ್ಯುವ ಕುಡುಗೋಲಿನಿಂದ ಅದನ್ನು ಸೀಳುವಾಗ ಅವರ ಮುಂಗೈಯೆಲ್ಲ ರಕ್ತ. ಅಕ್ಕನನ್ನು ಕಿಟಕಿಯ ಹತ್ತಿರ ಬರುವಂತೆ ಕೂಗುತ್ತಲೇ ಇದ್ದರು. ಸೀಳಿದ ಜಾಗದಲ್ಲಿ ಮೊದಲು ಬೆರಳುಗಳು ಬಂದವು, ಆಮೇಲೆ ಕಂಬಿಗೆ ಒತ್ತಿದ ಮುಖ. ಕಣ್ಣು ಬಿಡಲಾಗುತ್ತಿರಲಿಲ್ಲ. ನಾನು ಮೇಷ್ಟ್ರಿಗೆ ಫೋನ್ ಮಾಡಿದೆ. ಅವರು ಬಂದು ಬೀಗ ತೆಗೆಯುವವರೆಗೂ ಆ ತೂತಿನಿಂದಲೇ ಅಕ್ಕ ಉಸಿರಾಡಿದರು.

ಗೌರಿಬಿದನೂರಿನ ಆಸ್ಪತ್ರೆಯಲ್ಲಿ ಮೂರನೇ ದಿನ ಆಕ್ಸಿಜನ್ ತೆಗೆದರು. ಗಂಟಲು ಕಟ್ಟಿದ್ದ ಅಕ್ಕ ಮೊದಲು ಕೇಳಿದ್ದು ಕಣ್ಣಿನ ವಿಷಯವಲ್ಲ, ಎದೆಯ ವಿಷಯವಲ್ಲ.

"ಮಲಗಿದ್ಲು ಅಂತ ಕೆಲ್ಸದಿಂದ ತೆಗೀತಾರಾ ಮೇಡಮ್ಮ?"

ನಾನು ಇಲ್ಲ ಎಂದೆ. ಆದರೆ ಅದು ನನಗೆ ಗೊತ್ತಿರಲಿಲ್ಲ.

ಮಾರನೇ ದಿನ ಮೇಷ್ಟ್ರು ಅಪಘಾತದ ವರದಿಯ ನಮೂನೆಯನ್ನು ನನ್ನ ಮುಂದಿಟ್ಟರು. ಬಾಗಿಲು ಮುಚ್ಚಿದ್ದು ನಾನಾದ್ದರಿಂದ ಹೇಳಿಕೆ ನನ್ನದೇ ಇರಬೇಕಿತ್ತು. ಅವರು ಕೆಟ್ಟವರಲ್ಲ, ಆಸ್ಪತ್ರೆಯಲ್ಲಿ ನನಗಿಂತ ಹೆಚ್ಚು ಹೊತ್ತು ಕೂತವರು. ಆದರೆ ಹೆದರಿದ್ದರು. "ಕೆಲ್ಸದ ಹೊತ್ತಲ್ಲಿ ಹೇಳ್ದೆ ಒಳಗೆ ಹೋಗಿ ಮಲಗಿದ್ಲು ಅಂತ ಬರೆಯಮ್ಮ," ಅಂದರು. "ಅದೇನು ಸುಳ್ಳಲ್ವಲ್ಲ."

ಸುಳ್ಳಲ್ಲ, ನಿಜ. ಅದೇ ನನ್ನನ್ನು ಕಾಡಿದ್ದು. ಒಂದು ಸಾಲು ನಿಜ ಬರೆದರೆ ಅಕ್ಕನ ಕೆಲಸ ಹೋಗುತ್ತದೆ, ನಾನು ಉಳಿಯುತ್ತೇನೆ. ಆಫೀಸಿನ ಗೋಡೆಯ ಮೇಲೆ ಸುರಕ್ಷತೆಯ ನಿಯಮಗಳನ್ನು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿ ಕಟ್ಟು ಹಾಕಿಸಿದ್ದೇವೆ. ಒಮ್ಮೆ ತರಬೇತಿಯೂ ಆಗಿತ್ತು. ಸೊಪ್ಪು ಕೊಯ್ಯಬೇಕಿತ್ತೆಂದು ಅಕ್ಕನನ್ನು ಕರೆದಿರಲಿಲ್ಲ. ಹಾಳೆಯನ್ನು ಮುಂದಿಟ್ಟುಕೊಂಡು ಯೋಚಿಸುತ್ತಾ ಹೋದ ಹಾಗೆ ಕಂಡದ್ದು ಇಷ್ಟು: ನಮ್ಮಲ್ಲಿ ಎಚ್ಚರಿಕೆ ಇರಲಿಲ್ಲವೆಂದಲ್ಲ. ಸುಣ್ಣದ ತಟ್ಟೆ, ನೊಣದ ಬಲೆ, ಬೀಗ, ಮೇಷ್ಟ್ರ ಜೇಬಿನ ಕೀಲಿಕೈ, ಎಲ್ಲವೂ ಎಚ್ಚರಿಕೆಗಳೇ. ಎಲ್ಲವೂ ಹುಳುವಿಗಾಗಿ. ಹುಳುವಿಗೆ ಸೆಕೆ ಹೆಚ್ಚಾಯಿತೇ ಎಂದು ದಿನಕ್ಕೆ ಮೂರು ಸಲ ಉಷ್ಣಾಂಶ ಬರೆದಿಡುವ ನಾನು, ತಲೆ ತಿರುಗುತ್ತಿದೆ ಎಂದ ಹೆಂಗಸು ಆಮೇಲೆ ಎಲ್ಲಿಗೆ ಹೋದಳೆಂದು ನೋಡಿರಲಿಲ್ಲ.

ಬರೆದೆ. ಬೆಳಗ್ಗೆಯಿಂದ ಮಾಸ್ಕ್ ಇಲ್ಲದೆ ಬ್ಲೀಚಿಂಗ್ ನೀರಲ್ಲಿ ಕೆಲಸ ಮಾಡಿ ತಲೆ ತಿರುಗಿ ಮಲಗಿದ್ದರು. ಚಪ್ಪಲಿ ಒಳಗಿಡಲು ಹೇಳಿದವಳು ನಾನು. ಹೊರಗೆ ಚಪ್ಪಲಿ ಇಲ್ಲವೆಂದು, ಕೋಣೆ ನೋಡದೆ, ಕೂಗದೆ ಬೀಗ ಹಾಕಿದವಳೂ ನಾನು. ಮೇಷ್ಟ್ರು ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿದರು. "ನನ್ನನ್ನೂ ಕೇಳ್ತಾರೆ ಗೊತ್ತಾ?" ಎಂದರು. ಆಮೇಲೆ, ಮಾಸ್ಕ್ ಒಂದೇ ಇದ್ದದ್ದು ನಿಜ ಎಂದು ತಾವೇ ಕೆಳಗೆ ಒಂದು ಸಾಲು ಸೇರಿಸಿ ಸಹಿ ಹಾಕಿದರು.

ನನಗೂ ಅವರಿಗೂ ಕಾರಣ ಕೇಳಿ ನೋಟಿಸ್ ಬಂತು. ನನ್ನದಕ್ಕೆ ಉತ್ತರ ಕೊಟ್ಟು ತಿಂಗಳುಗಳಾದರೂ ಇನ್ನೂ ಏನೂ ತೀರ್ಮಾನವಾಗಿಲ್ಲ. ಅಕ್ಕನ ಕೆಲಸ ಉಳಿಯಿತು. ಬ್ಲೀಚಿಂಗ್ ವಾಸನೆ ಬಂದರೆ ಈಗ ಅವರಿಗೆ ಎದೆ ಹಿಡಿಯುತ್ತದೆ, ಹಾಗಾಗಿ ಹಿಪ್ಪುನೇರಳೆ ತೋಟದ ಕೆಲಸ ಮಾತ್ರ. ಮಾಸ್ಕ್ ನಾಲ್ಕಾಗಿವೆ. ಕೀಲಿಕೈ ಬೀಗದ ಪಕ್ಕದ ಮೊಳೆಯಲ್ಲೇ ಇರುತ್ತದೆ.

ಈಗ ಶುದ್ಧಿಯ ದಿನ ಭಾಯ್ ಮೋಟರು ಹಚ್ಚುವ ಮೊದಲು ನಾನು ಸೊಪ್ಪಿನ ಕೋಣೆಯ ಬಾಗಿಲು ತೆಗೆದು, ಗೋಣಿಚೀಲ ಎತ್ತಿ ನೋಡಿ, ಕೂಗುತ್ತೇನೆ. ಬೀಗ ಹಾಕುವ ಮುನ್ನ ಮತ್ತೊಮ್ಮೆ ಕೂಗುತ್ತೇನೆ. ಅಷ್ಟು ಸಾಲದೆ ತೋಟದ ಅಂಚಿನವರೆಗೆ ನಡೆಯುತ್ತೇನೆ. ಅಕ್ಕನ ದನಿ ಇನ್ನೂ ಕಟ್ಟಿಕೊಂಡೇ ಇದೆ, ದೂರಕ್ಕೆ ಕೇಳಿಸದು. ಆದ್ದರಿಂದ ಕಣ್ಣಾರೆ ಕಾಣಬೇಕು. ಸಾಲುಗಳ ನಡುವೆ ಬಗ್ಗಿದ್ದ ಅವರು ನನ್ನನ್ನು ನೋಡಿ ಸೊಂಟದ ಮೇಲೆ ಕೈಯಿಟ್ಟು ನೆಟ್ಟಗಾಗುತ್ತಾರೆ.

"ಇಲ್ಲೇ ಇದೀನಿ ಕಣಮ್ಮ," ಅನ್ನುತ್ತಾರೆ. "ಹೋಗಿ ನಿನ್ ಪೇಪರ್ ಅಂಟಿಸ್ಕೋ."

ವಾಪಸ್ ಬಂದು ಮೈದಾ ಕಲಸಲು ಕೂರುತ್ತೇನೆ.